ಆನೆಯ ನೂಕು, ಇರುವೆಯ ನೂಕು

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ಎಲ್ಲಿ ಕೂರಬೇಕೆಂದು ಗುಡ್ಡಗಳಿಗೇ ಸರಿಯಾಗಿ ಗೊತ್ತಿರಲಿಲ್ಲ. ಬಲಕ್ಕೆ ಅಳತೆ ಎಂಬುದಂತೂ ಇರಲೇ ಇಲ್ಲ. ಅವರವರ ಮೈಯೇ ಅವರವರ ಅಳತೆ.

ಒಂದು ಬೆಳಿಗ್ಗೆ ಕೆಂಚಿ ಎಂಬ ಮುಂಗುಸಿ ಬೇಟೆ ಮುಗಿಸಿ ಬಂದರೆ, ಬಿಲದ ಬಾಯಿಗೆ ಎರಡು ಕಲ್ಲು ಉರುಳಿ ಕೂತಿವೆ! ಒಳಗೆ ಮರಿಗಳ ಅಳು.

"ಇರುವೆಯಕ್ಕಾ, ಸ್ವಲ್ಪ ನೂಕೇ!" ಎಂದು ಅಲ್ಲೇ ಹೋಗುತ್ತಿದ್ದ ಇರುವೆಯನ್ನು ಕರೆದಳು.

ಇರುವೆ ದೊಡ್ಡ ಕಲ್ಲಿಗೆ ಹೆಗಲು ಕೊಟ್ಟಳು. ಕಲ್ಲು ಮಿಸುಕಲಿಲ್ಲ. "ಇದಕ್ಕೆ ಸಾವಿರ ನೂಕು ಬೇಕು ಕಣೇ," ಎಂದಳು, ಎಲ್ಲ ಬಲ್ಲವಳಂತೆ.

ಕೆಂಚಿ ಓಡಿದಳು. "ಆನೆಯಣ್ಣಾ, ಸಾವಿರ ನೂಕು ಬೇಕಂತೆ!"

"ಅಷ್ಟೇನಾ?" ಆನೆ ಬಂದು ಹಣೆಯೊಡ್ಡಿ ಒಂದು ಸಲ ನೂಕಿದ.

ಢಮಾರ್! ಕಲ್ಲು ಹೊಳೆ ದಾಟಿ ಹಾರಿ, ಎದುರು ಗುಡ್ಡದ ನೆತ್ತಿಗೆ ಬಡಿಯಿತು. "ಅಯ್ಯೋ, ನನ್ನ ತಲೆ!" ಎಂದಿತು ಗುಡ್ಡ. ಬಿಲದ ಮೇಲಿನ ಮಣ್ಣು ದೊಪ್ಪನೆ ಕುಸಿಯಿತು. ಒಳಗಿನ ಅಳು ನಿಂತೇಹೋಯಿತು.

ಕೆಂಚಿ ಓಡಿಹೋಗಿ ಕುಸಿದ ಮಣ್ಣಿಗೆ ಕಿವಿಯಿಟ್ಟಳು.

ಆನೆ ಮಾತ್ರ ಹಿಂದೆ ಸರಿದು ಸಜ್ಜಾದ. "ಒಂದಾಯ್ತು. ಇನ್ನು ಒಂಬೈನೂರ ತೊಂಬತ್ತೊಂಬತ್ತು. ಜರುಗಮ್ಮಾ."

"ಬೇಡವೋ ಮಾರಾಯಾ!" ಕೆಂಚಿ ಅವನ ಕಾಲಿಗೇ ಕಚ್ಚಿದಳು. "ಮರಿಗಳು ಒಳಗಿವೆ!"

ಬಿಲದೊಳಗಿಂದ ಸಣ್ಣಗೆ ಒಂದು ಸೀನು ಕೇಳಿಸಿತು. ಮರಿಗಳು ಬದುಕಿವೆ!

"ಸಾವಿರ ಅಂದವರು ನೀವೇ," ಆನೆ ಮುನಿಸಿಕೊಂಡ.

"ಅದು ನನ್ನ ಸಾವಿರ ಕಣೋ!" ಇರುವೆ ಕಿರುಚಿದಳು.

"ನೂಕು ಅಂದರೆ ನೂಕು ತಾನೇ?"

"ಸಾಕು ಸುಮ್ಮನಿರಿ!"

ಎಲ್ಲರೂ ಬೆಚ್ಚಿಬಿದ್ದರು. ಮಾತಾಡಿದ್ದು ಕಾಲ ಕೆಳಗಿನ ಭೂಮಿ. ಅಲ್ಲಿಯವರೆಗೆ ಅವಳು ಬಾಯಿ ತೆರೆದದ್ದೇ ಇಲ್ಲ!

"ನಿಮ್ಮ ಮೈಬಲ ಕಟ್ಟಿಕೊಂಡು ನನಗೇನು? ಒಂದು ಬೇಲದ ಕಾಯನ್ನು ಆನೆ ಹಿಡಿಯಲಿ, ಇರುವೆ ಹಿಡಿಯಲಿ, ನಾನು ಅದನ್ನು ಕೆಳಕ್ಕೆ ಎಳೆಯುವುದು ಒಂದೇ ಸಮ. ಆ ಎಳೆತವನ್ನಿಟ್ಟು ಬಲ ಎಣಿಸಿ."

ಆನೆ ಉಳಿದ ಕಲ್ಲಿಗೆ ಬಳ್ಳಿ ಬಿಗಿದು, ಬಳ್ಳಿಯ ಇನ್ನೊಂದು ತುದಿಯನ್ನು ಮೇಲಿನ ಕೊಂಬೆಯ ಮೇಲಿಂದ ಇಳಿಬಿಟ್ಟ. ಆ ತುದಿಗೆ ಕೆಂಚಿ ಒಂದೇ ಅಳತೆಯ ಪುಟ್ಟ ಬೇಲದ ಕಾಯಿಗಳನ್ನು ಒಂದೊಂದಾಗಿ ಕಟ್ಟಿದಳು. ಒಂದು ಕಟ್ಟಿದಳು, ಕಲ್ಲು ಅಲ್ಲಾಡಲಿಲ್ಲ. ಇನ್ನೊಂದು ಕಟ್ಟಿದಳು, ಅಲ್ಲಾಡಲಿಲ್ಲ. ಮತ್ತೊಂದು, ಮಗದೊಂದು. ಕೊನೆಗೆ ಕಲ್ಲು ಮೆಲ್ಲಗೆ ಮೇಲೆದ್ದಿತು. ಚಿಟಿಕೆ ಮಣ್ಣೂ ಉದುರಲಿಲ್ಲ. ಮೈಯೆಲ್ಲ ಕೆಸರಾದ ಮರಿಗಳು ಸೀನುತ್ತಾ ಹೊರಬಂದು ಅಮ್ಮನ ಹೊಟ್ಟೆಯಡಿ ನುಗ್ಗಿದವು.

"ಎಷ್ಟು ಬಲ ಹಿಡಿಯಿತು?" ಎಂದು ಗಾಳಿ ಕೇಳಿದಾಗ, ಆನೆಯೂ ಇರುವೆಯೂ ಕಾಯಿ ಎಣಿಸಿ ಒಂದೇ ಉತ್ತರ ಕೊಟ್ಟರು. ಕೊಟ್ಟು, ಪರಸ್ಪರ ಮುಖ ನೋಡಿ ದಂಗಾದರು.

ಇವತ್ತಿಗೂ ನೀನು ಒಂದು ಪುಟ್ಟ ಬೇಲದ ಕಾಯನ್ನು ಅಂಗೈ ಮೇಲಿಟ್ಟರೆ ಅದು ಮೆತ್ತಗೆ ಕೆಳಕ್ಕೆ ಜಗ್ಗುತ್ತದಲ್ಲ, ಹೆಚ್ಚುಕಡಿಮೆ ಅಷ್ಟು ಬಲವನ್ನೇ ಶಾಲೆಯಲ್ಲಿ ಒಂದು ನ್ಯೂಟನ್ ಅನ್ನುತ್ತಾರೆ.