ಯಾರು ಬಂದಿರಿ?

"ಗುರುಗಳೇ, ಇನ್ನೂ ಬಾರದಿರುವ ವಸ್ತುವಿಗಾಗಿ ಹಿಗ್ಗುವುದು ತಪ್ಪೇ?" ಎಂದು ಚೆನ್ನವೀರ ಕೇಳಿದ.

ಮಠದ ಹಿಂದಿನ ಕೋಣೆಯಲ್ಲಿ ಗುರುಗಳು ಬಂದವರಿಗೆಲ್ಲ ಲಿನಕ್ಸ್ ಎಂಬ, ಯಾರು ಬೇಕಾದರೂ ಪುಕ್ಕಟೆ ಬಳಸಬಹುದಾದ ಕಂಪ್ಯೂಟರ್ ವ್ಯವಸ್ಥೆಯನ್ನು ಕಲಿಸುತ್ತಿದ್ದರು. ಚೆನ್ನವೀರ ಅವರ ಶಿಷ್ಯರಲ್ಲೆಲ್ಲ ಉತ್ಸಾಹಿ. ಲಿನಕ್ಸಿನಲ್ಲಿ ಪರದೆಯ ಮೇಲೆ ಕಾಣುವುದನ್ನೆಲ್ಲ ಸಜ್ಜುಗೊಳಿಸುವ ಡೆಸ್ಕ್‌ಟಾಪ್ ತಂತ್ರಾಂಶದ ಹೊಸ ಆವೃತ್ತಿ ಬರಲು ಇನ್ನೂ ಎರಡು ತಿಂಗಳಿತ್ತು. ಅದರಲ್ಲಿ ಏನೇನು ಇರುತ್ತದೆ ಎಂಬುದು ಅವನಿಗೆ ಆಗಲೇ ಬಾಯಿಪಾಠವಾಗಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುತ್ತಾನೆ ಎಂದು ಜೊತೆಯವರು ಅವನನ್ನು ಆಡಿಕೊಳ್ಳುತ್ತಿದ್ದರು.

ಗುರುಗಳು ಕನ್ನಡಕ ತೆಗೆದಿಟ್ಟು ಹೇಳಿದರು: "ನೀನು ಕುಲಾವಿ ಹೊಲಿ, ಹೊಲಿಯುವವರೂ ಬೇಕು. ಒಂದು ಕತೆ ಹೇಳುತ್ತೇನೆ, ಕೇಳು."

ಒಂದೂರಿನಲ್ಲಿ ಒಬ್ಬ ಗಡಿಯಾರ ರಿಪೇರಿಯವನಿದ್ದ. ಅವನಿಗೊಬ್ಬಳು ತಂಗಿ. ಅವಳಿಗೆ ಹುಟ್ಟಿನಿಂದ ಕಣ್ಣು ಕಾಣದು. ಅವಳು ಮಕ್ಕಳಿಗೆ ಸಂಗೀತ ಕಲಿಸುತ್ತಿದ್ದಳು, ತಾನೇ ಹಾಡು ಕಟ್ಟುತ್ತಿದ್ದಳು.

ಗಡಿಯಾರದವನಿಗೆ ಲಿನಕ್ಸಿನ ಹುಚ್ಚು. ಆರು ತಿಂಗಳಿಗೊಮ್ಮೆ ಹೊಸ ಆವೃತ್ತಿ ಬರುತ್ತಿತ್ತು, ಆರು ತಿಂಗಳಿಗೊಮ್ಮೆ ಅವನ ಮನೆಯಲ್ಲಿ ಹಬ್ಬ. ಕೈಯಲ್ಲಿ ಯಾರದೋ ಗಡಿಯಾರದ ಮುಳ್ಳು, ಬಾಯಲ್ಲಿ ಪರದೆಯ ಮೇಲೆ ಬರಲಿರುವ ಹೊಸ ಕಿಟಕಿ, ಹೊಸ ಬಣ್ಣ, ಹೊಸ ಸವಲತ್ತುಗಳ ವರದಿ. ಗಡಿಯಾರ ಕೇಳಲು ಬಂದವರು ಅರ್ಧ ಗಂಟೆ ನಿಂತು ಇದನ್ನೆಲ್ಲ ಕೇಳಿ ಹೋಗಬೇಕಿತ್ತು. ಜನ ನಗುತ್ತಿದ್ದರು. ಅವನೂ ನಗುತ್ತಿದ್ದ. ಯಾರೋ ಕಾಣದ ಊರಿನವರು ತಮ್ಮ ಬಿಡುವಿನಲ್ಲಿ ಕೂತು ಮಾಡಿ, ಬೇಕಾದವರು ತೆಗೆದುಕೊಳ್ಳಿ ಎಂದು ಕೊಟ್ಟುಬಿಡುತ್ತಾರಲ್ಲ, ಅದನ್ನು ನೆನೆದಾಗಲೆಲ್ಲ ಅವನಿಗೆ ಎದೆ ತುಂಬಿ ಬರುತ್ತಿತ್ತು.

ಒಂದು ಸಲ ಬಂದ ಆವೃತ್ತಿಯಲ್ಲಿ ಕಂಪ್ಯೂಟರ್ ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳತೊಡಗಿತು. ಗಡಿಯಾರದವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬೀದಿಗೆಲ್ಲ ಪೇಡೆ ಹಂಚಿದ. ತಂಗಿ ತಾನು ಬರೆದದ್ದನ್ನು ತಾನೇ ಕೇಳಿದಳು, ತಪ್ಪಿದ್ದಲ್ಲಿ ತಾನೇ ತಿದ್ದಿದಳು. ಅವಳಿಗೆ ಬೇಕಾಗಿದ್ದುದೂ ಅಷ್ಟೇ. ಮುಗಿಯುವ ತನಕ ತನ್ನ ಹಾಡನ್ನು ಮತ್ತೊಬ್ಬರು ನೋಡಬಾರದು.

ಆದರೆ ಒಂದು ಕೊರತೆ ಉಳಿಯಿತು. ಆ ಕಂಪ್ಯೂಟರ್ ಅಣ್ಣ ತಂಗಿ ಇಬ್ಬರದೂ. ಶುರು ಮಾಡಿದಾಗ ಮೊದಲು ಬರುವ ಪರದೆಯಲ್ಲಿ ತಮ್ಮ ಹೆಸರನ್ನು ಆರಿಸಿಕೊಂಡು ಪಾಸ್‌ವರ್ಡ್ ಕೊಡಬೇಕು. ಒಳಗೆ ಹೋದಮೇಲೆ ಎಲ್ಲವನ್ನೂ ಓದಿ ಹೇಳುತ್ತಿದ್ದ ಯಂತ್ರ ಆ ಮೊದಲ ಪರದೆಯಲ್ಲಿ ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ. ಎಲ್ಲಿದ್ದೇನೆ, ಏನು ಒತ್ತಿದೆ ಎಂದು ತಂಗಿಗೆ ತಿಳಿಯುತ್ತಿರಲಿಲ್ಲ. ದಿನವೂ ಅಣ್ಣನನ್ನು ಕರೆಯಬೇಕು. ಅವಳಿಗೆ ಹಾಡು ಹೊಳೆಯುತ್ತಿದ್ದುದು ಬೆಳಗಿನ ಐದಕ್ಕೆ. ಅಣ್ಣ ಏಳುತ್ತಿದ್ದುದು ಏಳಕ್ಕೆ. ಎಬ್ಬಿಸಲು ಅವಳಿಗೆ ಮನಸ್ಸಾಗದು. ಅವನು ಎದ್ದು ಬಂದು ಹೆಸರು ಆರಿಸಿಕೊಡುವಷ್ಟರಲ್ಲಿ ಅರ್ಧ ಹಾಡು ಮರೆತುಹೋಗಿರುತ್ತಿತ್ತು.

"ತಡಿ ತಂಗಿ, ಮುಂದಿನದರಾಗ ಸರಿ ಆಗ್ತದ" ಎಂದು ಅಣ್ಣ ಹೇಳುತ್ತಿದ್ದ.

ಮುಂದಿನದು ಬಂತು. ಕಿಟಕಿಗಳ ಮೂಲೆಗಳು ದುಂಡಗಾಗಿದ್ದವು. ಅಣ್ಣ ಕುಣಿದ. ತಂಗಿಯೂ ಅವನ ಸಂತೋಷಕ್ಕೆ ಚಪ್ಪಾಳೆ ತಟ್ಟಿದಳು. ಮರುದಿನ ಬೆಳಗ್ಗೆ ಏಳಕ್ಕೆ ಅವನನ್ನೇ ಕರೆದಳು. ಅದರ ಮುಂದಿನದೂ ಬಂತು, ಅದರಲ್ಲಿ ಹಗಲಿಗೊಂದು ಇರುಳಿಗೊಂದು ಬಣ್ಣ. ಹೀಗೆ ಮೂರು ವರ್ಷ ಕಳೆಯಿತು. ಹೊಸದೆಲ್ಲ ಬಂತು, ಅದೊಂದು ಬರಲಿಲ್ಲ. ಕಳೆದುಹೋದ ಹಾಡುಗಳಿಗೆ ಲೆಕ್ಕವಿಲ್ಲ.

ಕೊನೆಗೊಂದು ದಿನ ತಂಗಿ ಕೇಳಿದಳು: "ಅಣ್ಣಾ, ಇದನ್ನ ಮಾಡೋರಿಗೆ ಕಣ್ಣು ಅದಾವೇನು?"

"ಅದಾವಲ್ಲ. ಯಾಕ?"

"ಮತ್ತ ಅವರಿಗೆ ಹ್ಯಾಂಗ ಗೊತ್ತಾಗಬೇಕು?"

ಗಡಿಯಾರದವನು ಕೈಯಲ್ಲಿದ್ದ ಇಕ್ಕಳವನ್ನು ಕೆಳಗಿಟ್ಟ. ಆ ಡೆಸ್ಕ್‌ಟಾಪ್ ಮಾಡುವವರು ಓದುವ ಚರ್ಚೆಯ ಪುಟದಲ್ಲಿ ಅವನು ವರ್ಷಗಟ್ಟಲೆ ಬರೆದಿದ್ದ. ಬಣ್ಣ ಚೆಂದ ಎಂದು ಬರೆದಿದ್ದ, ದುಂಡು ಮೂಲೆ ಚೆಂದ ಎಂದು ಬರೆದಿದ್ದ, ನಿಮ್ಮ ಹೊಟ್ಟೆ ತಣ್ಣಗಿರಲಿ ಎಂದು ಹರಸಿಯೂ ಇದ್ದ. ಈ ಮಾತೊಂದನ್ನು ಬರೆದಿರಲಿಲ್ಲ. ಇಷ್ಟು ದೊಡ್ಡ ಕೊರತೆಯನ್ನು ಯಾರಾದರೂ ಹೇಳಿಯೇ ಇರುತ್ತಾರೆ ಎಂದುಕೊಂಡಿದ್ದ. ಎಲ್ಲರೂ ಹಾಗೇ ಅಂದುಕೊಂಡಿದ್ದರು. ಅವನಿಗೆ ನಾಚಿಕೆಯಾಯಿತು. ಆಗಲೇ ಕೂತು ಬರೆದ.

ಮೂರನೆಯ ದಿನ ಉತ್ತರ ಬಂತು: "ಇದುವರೆಗೆ ಯಾರೂ ಹೇಳಿರಲಿಲ್ಲ. ದನಿ ಬರುವಂತೆ ಮಾಡುತ್ತೇವೆ. ಅಲ್ಲಿ ಕನ್ನಡದಲ್ಲಿ ಏನು ಹೇಳಿಸಬೇಕು, ನೀವೇ ಬರೆದು ಕಳಿಸಿ."

ಅಣ್ಣ, "ದಯವಿಟ್ಟು ಬಳಕೆದಾರರ ಹೆಸರನ್ನು ಆಯ್ಕೆ ಮಾಡಿರಿ" ಎಂದು ಕಚೇರಿಯ ಧಾಟಿಯಲ್ಲಿ ಬರೆದು ಓದಿದ. ತಂಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಬಾಗಿಲಿಗೆ ಬಂದವರನ್ನು ಯಾರಾದರೂ ಹಾಗೆ ಕೇಳುತ್ತಾರೆಯೇ? "ಯಾರು ಬಂದಿರಿ?" ಎಂದು ಬರೆಸಿ ಕಳಿಸಿದಳು.

ಮಾಡಿದವರು ಮೊದಲು ಹಸಿಹಸಿಯಾದದ್ದನ್ನೇ ಪರೀಕ್ಷೆಗೆ ಕಳಿಸಿದರು. ಅದು ಒಂದೇ ಮಾತನ್ನು ಎರಡೆರಡು ಸಲ ಹೇಳಿತು. ಇವರು ಬರೆದರು, ಅವರು ತಿದ್ದಿದರು. ಆಮೇಲೆ ಮಾತು ಮುಗಿಯುವ ಮೊದಲೇ ಪರದೆ ಸರಿದುಹೋಯಿತು. ಮತ್ತೆ ಬರೆದರು, ಮತ್ತೆ ತಿದ್ದಿದರು. ಹೀಗೆ ನಾಲ್ಕು ತಿಂಗಳು ಅಣ್ಣ ತಂಗಿಯರಿಗೆ ಊಟದ ಹೊತ್ತಿನಲ್ಲೂ ಅದೇ ಮಾತು.

ಹೊಸ ಆವೃತ್ತಿ ಬಂತು. ಸಂಜೆಯೇ ಅದನ್ನು ಹಾಕಿಟ್ಟು ಅಣ್ಣ ಮಲಗಿದ. ಬೆಳಗಿನ ಐದಕ್ಕೆ ಒಳಕೋಣೆಯಿಂದ "ಯಾರು ಬಂದಿರಿ?" ಎಂಬ ದನಿ ಕೇಳಿ ಎಚ್ಚರವಾಯಿತು. ಹಿಂದೆಯೇ ಕೀಲಿಮಣೆಯ ಸದ್ದು. ಅಭ್ಯಾಸಬಲದಿಂದ ಎದ್ದು ಓಡಿದ. ಅವನ ಹೆಜ್ಜೆಯ ಸಪ್ಪಳಕ್ಕೆ ತಂಗಿ ಒಳಗಿನಿಂದಲೇ ಕೂಗಿದಳು: "ಈಗ ಬರಬ್ಯಾಡಣ್ಣ, ಹಾಡು ಮುಗಿದಿಲ್ಲ!"

ಗಡಿಯಾರದವನು ಹೊಸ್ತಿಲಾಚೆಯೇ ಕುಳಿತುಬಿಟ್ಟ. ಕಣ್ಣಲ್ಲಿ ನೀರು, ಮುಖದ ತುಂಬ ನಗು. ಆ ಆವೃತ್ತಿಯಲ್ಲಿ ಇನ್ನೇನು ಹೊಸದಿದೆ ಎಂದು ನೋಡಲು ಅವನಿಗೆ ಎರಡು ದಿನ ನೆನಪೇ ಆಗಲಿಲ್ಲ. ಈ ಸಲ ಬೀದಿಗೆ ಪೇಡೆ ಹಂಚಿದವಳು ತಂಗಿ.

ಗುರುಗಳು ಕತೆ ನಿಲ್ಲಿಸಿದರು.

ಚೆನ್ನವೀರ ಕೇಳಿದ: "ಹಾಗಾದರೆ, ಅದಕ್ಕೆ ಮುಂಚೆ ಅವನು ಅಷ್ಟು ವರ್ಷ ಹಿಗ್ಗಿದ್ದೆಲ್ಲ ವ್ಯರ್ಥವೇ ಗುರುಗಳೇ?"

"ಹಿಗ್ಗಿಲ್ಲದವನು ನಾಲ್ಕು ತಿಂಗಳು ಹಾಗೆ ಕೂತು ಬರೆಯುತ್ತಿದ್ದನೇ? ಚೆನ್ನಾಗಿ ಹಿಗ್ಗು" ಎಂದು ಗುರುಗಳು ನಕ್ಕರು. ಆಮೇಲೆ ಕನ್ನಡಕ ಹಾಕಿಕೊಂಡು ಅವನ ಮುಖ ನೋಡಿದರು.

"ಆದರೆ ಮಗು, ನೀನು ಇಲ್ಲಿ ಅವರ ದಾರಿ ನೋಡುತ್ತ ಕೂತಿದ್ದೀಯೆ, ಅವರು ಅಲ್ಲಿ ನಿನ್ನ ಕಾಗದದ ದಾರಿ ನೋಡುತ್ತ ಕೂತಿದ್ದಾರೆ."

ಚೆನ್ನವೀರ ಕೀಲಿಮಣೆಯನ್ನು ಹತ್ತಿರಕ್ಕೆ ಎಳೆದುಕೊಂಡ.