ದುಂಡವ್ವನ ಕೈರುಚಿ

ಹಿರೇಹೊಂಡದ ಮಠಕ್ಕೆ ಆಗ ಕಲ್ಲಿನ ಕಟ್ಟಡವಿರಲಿಲ್ಲ. ಮಣ್ಣಿನ ಗೋಡೆ, ಮೇಲೆ ಮಾಳಿಗೆ, ಹಿಂದೆ ದನದ ಕೊಟ್ಟಿಗೆ, ಪಕ್ಕದಲ್ಲಿ ದಾಸೋಹದ ಪಡಸಾಲೆ, ಇಷ್ಟೇ. ಪೂಜ್ಯ ಶ್ರೀ ಮೌನಲಿಂಗ ಶಿವಯೋಗಿಗಳು ಬೆಳಗಿನ ಲಿಂಗಪೂಜೆ ಮುಗಿಸಿ ಎದ್ದರೆಂದರೆ ಗದ್ದುಗೆಯ ಮೇಲೆ ಕೂತವರಲ್ಲ. ಪಡಸಾಲೆಯ ಕಟ್ಟೆಯ ಮೇಲೆ ಮೊರ ಹಿಡಿದು ತೊಗರಿಬೇಳೆಯೊಳಗಿನ ಕಲ್ಲು ಆರಿಸುವರು. ಭಕ್ತರು ಬಂದರೆ ಮೊರ ಕೆಳಗಿಡದೆಯೇ ಅವರ ಸುಖದುಃಖ ಕೇಳುವರು. ಸುತ್ತಲಿನ ಹಳ್ಳಿಗಳಿಗೆಲ್ಲ ಅವರು 'ಅಜ್ಜಾರು'.

ಅಜ್ಜಾರಿಗೆ ಒಂದು ಕಠಿಣ ವ್ರತವಿತ್ತು. ಪ್ರಸಾದ ಸ್ವೀಕರಿಸುವಾಗ ರೊಟ್ಟಿ, ಪಲ್ಯ, ಸಾರು, ಸಿಹಿ ಎಲ್ಲವನ್ನೂ ಒಂದೇ ಬಟ್ಟಲಿಗೆ ಹಾಕಿ, ಮೇಲೆ ಒಂದು ತಂಬಿಗೆ ನೀರು ಸುರಿದುಕೊಂಡು ಉಣ್ಣುತ್ತಿದ್ದರು. ಮೂವತ್ತೆರಡು ವರ್ಷಗಳಿಂದ ಅವರ ಜಿಹ್ವೆ ಇಂಥದ್ದೆಂಬ ಒಂದು ರುಚಿಯನ್ನು ಕಂಡಿರಲಿಲ್ಲ.

ಅಂಥವರ ಬಳಿಗೆ ಒಂದು ದಿನ ದುಂಡವ್ವ ಬಂದಳು. ಬಂದಳು ಎನ್ನುವುದಕ್ಕಿಂತ ಅವಳ ನಾದಿನಿ ಕಾಶವ್ವ ಕೈ ಹಿಡಿದು ಎಳೆದುಕೊಂಡು ಬಂದಳು ಎನ್ನಬೇಕು.

ದುಂಡವ್ವ ಮದುವೆಯ ಅಡುಗೆಯಲ್ಲಿ ಹೆಸರಾದವಳು. ಗಂಡ ತೀರಿಹೋದ ಮೇಲೆ ಸೌಟು ಹಿಡಿದು ಹದಿನೆಂಟು ವರ್ಷ ದುಡಿದಿದ್ದಳು. ಐನೂರು ಮಂದಿಯ ಸಾರಿಗೆ ಬೊಗಸೆಯಿಂದ ಉಪ್ಪು ಹಾಕಿ, ಒಂದು ಹನಿ ಅಂಗೈಗೆ ಬಿಟ್ಟುಕೊಂಡು ನಾಲಿಗೆಗೆ ಮುಟ್ಟಿಸಿ, "ಆತು, ಇಳಸ್ರಿ" ಎಂದಳೆಂದರೆ ಮುಗಿಯಿತು. ಆ ಹೆಮ್ಮೆಯೂ ಅವಳಿಗಿತ್ತು. ಎಲೆಯ ತುದಿಗೆ ಉಪ್ಪು ಬಡಿಸಲು ಯಾರಿಗೂ ಬಿಡುತ್ತಿರಲಿಲ್ಲ. "ನನ್ನ ಅಡಗಿಗೆ ಮ್ಯಾಲ ಉಪ್ಪು ಯಾಕ ಬೇಕು?" ಎನ್ನುವಳು. ಊಟ ಹೇಗಿತ್ತೆಂದು ಯಾರನ್ನೂ ಕೇಳಿದವಳಲ್ಲ.

ಅವಳದೊಂದು ಆಸೆಯಿತ್ತು: ಪೇಟೆಯ ಬಸ್‌ ನಿಲ್ದಾಣದ ಎದುರು ತನ್ನದೇ ಒಂದು ಖಾನಾವಳಿ. ತಗಡಿನ ಮಾಡಿನ ಒಂದು ಕೋಣೆ ಹಿಡಿದು, ತನ್ನ ಕೈಯಿಂದಲೇ ಮೂರು ಒಲೆ ಹೂಡಿದಳು. ಹೂಡಿದ ಒಲೆಯ ಮಣ್ಣು ಆರುವ ಮೊದಲೇ ಜ್ವರ ಹಿಡಿಯಿತು. ಮೂರು ವಾರ ಎಚ್ಚರವಿಲ್ಲದೆ ಮಲಗಿದಳು. ಬದುಕಿದ್ದೇ ದೊಡ್ಡದು ಎಂದರು ಎಲ್ಲರೂ. ಆದರೆ ಜ್ವರ ಬಿಟ್ಟು ಮೊದಲ ಗಂಜಿ ಕುಡಿದಾಗ ಅವಳಿಗೆ ಗೊತ್ತಾಯಿತು: ಉಪ್ಪೂ ಇಲ್ಲ, ಹುಳಿಯೂ ಇಲ್ಲ, ಒಗ್ಗರಣೆಯ ವಾಸನೆಯೂ ಇಲ್ಲ. ನಾಲಿಗೆಯ ಮೇಲೆ ಬಿಸಿಯೊಂದೇ ತಿಳಿಯುತ್ತಿತ್ತು.

ಯಾರಿಗೂ ಹೇಳಲಿಲ್ಲ. ನಾಳೆ ಬಂದೀತು, ನಾಡಿದ್ದು ಬಂದೀತು ಎಂದು ಕಾದಳು. ಅಷ್ಟರಲ್ಲಿ ಒಪ್ಪಿಕೊಂಡ ಮದುವೆಯೊಂದು ಬಂತು. ಸಾರಿಗೆ ಉಪ್ಪು ಹಾಕಿದಳು. ಅಂಗೈಯ ಹನಿ ಏನೂ ಹೇಳಲಿಲ್ಲ. ಹಾಕಿದೆನೋ ಇಲ್ಲವೋ ಎಂಬ ದಿಗಿಲಿನಲ್ಲಿ ಮತ್ತೊಮ್ಮೆ ಹಾಕಿದಳು. ಪಂಕ್ತಿಗೆ ಪಂಕ್ತಿಯೇ ಎಲೆ ಬಿಟ್ಟು ಎದ್ದಿತು. ಬೀಗರ ಕಡೆಯ ಹಿರಿಯನೊಬ್ಬ ಅಡುಗೆಮನೆಯ ಬಾಗಿಲಿಗೇ ಬಂದು, "ಹೆಂಗಸ, ಸಮುದ್ರದ ನೀರು ಕಾಸೀಯೇನು?" ಎಂದ. ಅಂದು ಮನೆ ಸೇರಿದ ದುಂಡವ್ವ ಮತ್ತೆ ಒಲೆಯ ಮುಂದೆ ಕೂರಲಿಲ್ಲ. ಖಾನಾವಳಿಯ ಕೋಣೆಗೆ ಬೀಗ ಬಿತ್ತು.

ಕಾಶವ್ವ ಎಳೆದುಕೊಂಡು ಬಂದ ಹೊತ್ತಿಗೆ ಅಜ್ಜಾರು ಪ್ರಸಾದಕ್ಕೆ ಕೂತಿದ್ದರು. ಬಟ್ಟಲಿನೊಳಗೆ ಹುಗ್ಗಿ ಬಿತ್ತು, ಅದರ ಮೇಲೆ ಸಾರು ಬಿತ್ತು, ಅಜ್ಜಾರು ತಂಬಿಗೆಯ ನೀರು ಸುರಿದರು. ಸುತ್ತ ನಿಂತ ಭಕ್ತರು ಕೈ ಮುಗಿದರು. ಅದನ್ನು ನೋಡುತ್ತಿದ್ದ ದುಂಡವ್ವ ಕಾಶವ್ವನ ಕೈ ಬಿಡಿಸಿಕೊಂಡು ಮುಂದೆ ಬಂದಳು.

"ಅಜ್ಜಾರ," ಎಂದಳು, "ನೀವು ರುಚಿ ಬಿಟ್ಟೀರಿ ಅಂತ ಊರೆಲ್ಲ ಕೈ ಮುಗೀತೈತಿ. ನಿಮಗ ಬ್ಯಾಡಾಗಿತ್ತು, ಬಿಟ್ರಿ. ನನಗ ಬೇಕಾಗಿತ್ತು, ಆ ಶಿವ ಕಸಕೊಂಡ. ನನಗ ಯಾರು ಕೈ ಮುಗೀತಾರ್ರಿ?"

ಮಠದ ಪರಿಚಾರಕ ಮರುಳಯ್ಯ ಅವಳನ್ನು ಹೊರಗೆ ಕಳಿಸಲೆಂದು ಎದ್ದ. ಅಜ್ಜಾರು ಕಣ್ಣಿನಿಂದಲೇ ಅವನನ್ನು ತಡೆದರು. ಕಾಶವ್ವ ನಡೆದದ್ದನ್ನೆಲ್ಲ ಅರಿಕೆ ಮಾಡಿಕೊಂಡಳು.

"ಖರೇ ಹೇಳಿದಿ ಯವ್ವಾ," ಎಂದರು ಅಜ್ಜಾರು. "ಬಿಡೂದು ಹಗುರ. ಕಳಕೊಳ್ಳೂದು ಭಾಳ ಭಾರ."

ಬೈಗುಳಕ್ಕೋ ಉಪದೇಶಕ್ಕೋ ಸಿದ್ಧಳಾಗಿ ನಿಂತಿದ್ದ ದುಂಡವ್ವ ಈ ಮಾತಿಗೆ ಸಿದ್ಧಳಿರಲಿಲ್ಲ.

"ನಾಳಿ ದಾಸೋಹದ ಸಾರು ನೀ ಮಾಡು," ಎಂದು ಅಜ್ಜಾರು ಅಪ್ಪಣೆ ಮಾಡಿದರು.

"ನನ್ನ ನಾಲಿಗಿ ಸತ್ತೈತ್ರಿ!"

"ಉಣ್ಣಾವ್ರ ನಾಲಿಗಿ ಸತ್ತಿಲ್ಲಲ್ಲ. ಕೇಳು."

ಮರುದಿನ ದುಂಡವ್ವ ಹರಕೆ ತೀರಿಸುವವಳಂತೆ ಸಾರು ಮಾಡಿದಳು. ಅಜ್ಜಾರ ಅಪ್ಪಣೆಯಂತೆ ತಾನೇ ಬಡಿಸಲು ಬಂದಳು. ಹದಿನೆಂಟು ವರ್ಷ ಹೊಗೆಯ ಹಿಂದೆಯೇ ಇದ್ದವಳು, ಉಣ್ಣುವವರ ಮುಖ ನೋಡಿದ್ದು ಅಂದೇ ಮೊದಲು. ಮೊದಲ ತುತ್ತಿಗೆ ಒಬ್ಬರ ಹುಬ್ಬು ಮೇಲೆ ಹೋಯಿತು, ಇನ್ನೊಬ್ಬರು ನೀರಿನ ಲೋಟಕ್ಕೆ ಕೈ ಹಾಕಿದರು. ಓಡಿಹೋಗಬೇಕೆನಿಸಿತು. ಆದರೂ ಗಟ್ಟಿಮನಸ್ಸು ಮಾಡಿ ಒಬ್ಬ ಮುದುಕ ಕುರುಬನ ಮುಂದೆ ಬಾಗಿ, ಹುಟ್ಟಿದಂದಿನಿಂದ ಕೇಳದ ಮಾತನ್ನು ಕೇಳಿದಳು: "ಕಾಕಾ, ಸಾರು ಹ್ಯಾಂಗಾಗೇತಿ?"

"ಅಮೃತ ಆಗೇತಿ ತಂಗಿ," ಎಂದ ಮುದುಕ, ನೀರು ಗುಟುಕರಿಸುತ್ತ.

ಪಕ್ಕದವನನ್ನು ಕೇಳಿದಳು. "ಅಮೃತ" ಎಂದ. ಆಚೆಯವಳೂ ಅದನ್ನೇ ಎಂದಳು. ಮಠದ ಪ್ರಸಾದದಲ್ಲಿ ಕೊರತೆ ಹೇಳುವುದುಂಟೆ? ಸಾಲಿನ ತುದಿಗೆ ಬರುವಷ್ಟರಲ್ಲಿ ದುಂಡವ್ವನ ಕಣ್ಣು ತುಂಬಿತ್ತು. ತುದಿಯಲ್ಲಿ ಅಜ್ಜಾರು ಕೂತಿದ್ದರು. ಬಟ್ಟಲಿಗೆ ನೀರು ಸುರಿಯಲು ತಂಬಿಗೆ ಎತ್ತಿದ್ದರು.

"ಕೇಳಿದೆ ಅಜ್ಜಾರ. ಯಾರೂ ಖರೇ ಹೇಳೂದಿಲ್ಲ," ಎಂದಳು.

ಅಜ್ಜಾರು ತಂಬಿಗೆಯನ್ನು ಕೆಳಗಿಟ್ಟರು. ಬಟ್ಟಲನ್ನು ಪಕ್ಕಕ್ಕೆ ಸರಿಸಿ ಬಲಗೈ ಚಾಚಿದರು.

"ಇಲ್ಲಿ ಹಾಕು ಯವ್ವಾ. ಬರೇ ಸಾರು."

ಮರುಳಯ್ಯ ಹೌಹಾರಿದ. "ಅಜ್ಜಾರ! ಮೂವತ್ತೆರಡು ವರ್ಷದ ವ್ರತ!"

"ವ್ರತ ನನ್ನದು ಮರುಳಯ್ಯಾ. ಮತ್ತ ಹಿಡದೇನು. ಈಕಿ ಇವತ್ತ ಕೇಳಾಕತ್ತಾಳ."

ದುಂಡವ್ವ ಆ ಅಂಗೈಗೆ ಒಂದಿಷ್ಟು ಸಾರು ಬಿಟ್ಟಳು. ಪೂಜ್ಯರು ಅದನ್ನು ಸವಿದರು. ಕಣ್ಣು ಮುಚ್ಚಿ, ಮರೆತುಹೋದ ಭಾಷೆಯೊಂದನ್ನು ನೆನಪು ಮಾಡಿಕೊಳ್ಳುವವರಂತೆ ಸ್ವಲ್ಪ ಹೊತ್ತು ಕೂತರು. ನಂತರ ಸ್ಪಷ್ಟವಾಗಿ ನುಡಿದರು: "ಉಪ್ಪು ಹೆಚ್ಚಾಗೇತಿ. ಹುಳಿ ಸಾಲದು. ಬ್ಯಾಳಿ ಮಾತ್ರ ಚಲೋ ಬೆಂದೈತಿ."

ಆಮೇಲೆ ಪಂಕ್ತಿಯ ಕಡೆ ತಿರುಗಿ, "ಖರೇ ಹೇಳೂದೂ ಪ್ರಸಾದನ ಐತ್ರಪ್ಪಾ, ಹೇಳ್ರಿ," ಎಂದರು.

ಆಗ ಬಾಯಿಗಳು ಬಿಚ್ಚಿದವು. ಮುದುಕ ಕುರುಬ, "ಖಾರಾನೂ ಚೂರು ಮುಂದಾಗೇತಿ ತಂಗಿ, ಸಿಟ್ಟಾಗಬ್ಯಾಡ," ಎಂದ. ದುಂಡವ್ವ ಸಿಟ್ಟಾಗಲಿಲ್ಲ. ಒಳಗೆ ಓಡಿ, ಬೇಳೆಕಟ್ಟು ಬೆರೆಸಿ, ಹುಣಸೆರಸ ಹಿಂಡಿ, ಮತ್ತೆ ಕುದಿಸಿ ತಂದಳು. ಎರಡನೆಯ ಪಂಕ್ತಿಯಲ್ಲಿ ಒಬ್ಬರೂ ನೀರಿನ ಲೋಟಕ್ಕೆ ಅವಸರ ಮಾಡಲಿಲ್ಲ. ಅದನ್ನು ಅವಳು ಯಾರೂ ಹೇಳದೆಯೇ ಕಂಡುಕೊಂಡಳು.

ಅವಳು ಮಠದಲ್ಲಿ ಇಪ್ಪತ್ತೊಂದು ದಿನ ಉಳಿದಳು. ದಿನವೂ ಅಜ್ಜಾರು ಅಂಗೈ ಚಾಚುವರು, ಇದ್ದದ್ದನ್ನು ಇದ್ದಂತೆ ಹೇಳುವರು. ಅವಳು ಕಲಿತಳು. ನಾಲಿಗೆ ಹೇಳುತ್ತಿದ್ದುದನ್ನು ಕಣ್ಣಿಗೆ, ಕಿವಿಗೆ, ಕೈಗೆ ಹಂಚಿದಳು: ಇಷ್ಟು ನೀರಿಗೆ ಇಷ್ಟು ಹಿಡಿ ಉಪ್ಪು, ಸಾಸಿವೆ ಸಿಡಿಯುವ ಸದ್ದು ತಗ್ಗಿದಾಗ ಬೆಳ್ಳುಳ್ಳಿ, ಸಾರಿನ ಬಣ್ಣ ಇಟ್ಟಿಗೆಯಷ್ಟು ಕೆಂಪಾದರೆ ಸಾಕು. ಅಷ್ಟಾದರೂ ಕೊನೆಯ ಮಾತು ಉಣ್ಣುವವರದೇ.

ಇಪ್ಪತ್ತೆರಡನೆಯ ದಿನ ಅವಳು ಸೌಟು ಹಿಡಿದು ಬಂದಾಗ ಅಜ್ಜಾರು ಅಂಗೈ ಚಾಚಲಿಲ್ಲ. ಎಲ್ಲವನ್ನೂ ಬಟ್ಟಲಿಗೆ ಹಾಕಿಸಿಕೊಂಡು ನೀರು ಸುರಿದರು.

"ನನ್ನ ಕೆಲಸ ಮುಗೀತು ಯವ್ವಾ. ಹದಿನೆಂಟು ವರ್ಷ ನಿನ್ನ ನಾಲಿಗಿಗೆ ಅಡಗಿ ಮಾಡಿದಿ. ಇನ್ನ ಅವರ ನಾಲಿಗಿಗೆ ಮಾಡು. ಹೋಗು, ಬೀಗ ತೆಗಿ."

ಭಂಗವಾದ ವ್ರತಕ್ಕೆ ಪ್ರಾಯಶ್ಚಿತ್ತವಾಗಿ ಅಜ್ಜಾರು ಆ ಇಪ್ಪತ್ತೊಂದು ದಿನವೂ ಸಂಜೆಯ ಪ್ರಸಾದ ಬಿಟ್ಟಿದ್ದರೆಂಬುದನ್ನು ಮರುಳಯ್ಯ ಅವಳಿಗೆ ಹೇಳಿದ್ದು ಅವಳು ಹೊರಡುವಾಗ. ದುಂಡವ್ವ ಕಟ್ಟೆಗೆ ತಲೆಯಿಟ್ಟು ಅತ್ತಳು. ಅಜ್ಜಾರು ಮೊರದೊಳಗಿನ ಕಲ್ಲು ಆರಿಸುತ್ತಲೇ, "ಬಸ್ಸು ತಪ್ಪೀತು, ಏಳು," ಎಂದರು.

ಮುಂದಿನ ಸೋಮವಾರ ಖಾನಾವಳಿಯ ಒಲೆ ಹೊತ್ತಿತು. ಕಾಶವ್ವ ರೊಟ್ಟಿ ಬಡಿದಳು, ದುಂಡವ್ವ ಸಾರು ಪಲ್ಯ ನೋಡಿಕೊಂಡಳು. ಮೊದಲ ದಿನ ಬಂದವರು ಏಳೇ ಮಂದಿ. ಮದುವೆಯ ಕತೆ ಪೇಟೆಗೆಲ್ಲ ಗೊತ್ತಿತ್ತು. ಏಳು ಮಂದಿಯನ್ನೂ ಅವಳು ಕೇಳಿದಳು. ಮರುದಿನ ಹನ್ನೆರಡು ಮಂದಿ ಬಂದರು. ಮಳೆಗಾಲ ಮುಗಿಯುವಷ್ಟರಲ್ಲಿ ಹೊರಗಿನ ಕಟ್ಟೆಯ ಮೇಲೂ ಜನ ಕಾಯತೊಡಗಿದರು. ಎರಡು ವರ್ಷಕ್ಕೆ ಪಕ್ಕದ ಕೋಣೆಯನ್ನೂ ಹಿಡಿದಳು. ನಾಲಿಗೆಗೆ ರುಚಿ ಮರಳಲೇ ಇಲ್ಲ. ಅದಕ್ಕಾಗಿ ಅವಳು ಹರಕೆಯನ್ನೂ ಹೊರಲಿಲ್ಲ.

ಒಮ್ಮೆ ಲಾರಿ ಓಡಿಸುವವನೊಬ್ಬ ತುಂಬಿದ ಖಾನಾವಳಿಯಲ್ಲಿ ತಟ್ಟೆ ಕುಟ್ಟಿ, "ಏನಿದು, ಬದನಿಕಾಯಿಗೆ ಉಪ್ಪು ಹಾಕೂದು ಮರತಿ ಏನು?" ಎಂದು ಕೂಗಿದ. ಹಳೆಯ ದುಂಡವ್ವನನ್ನು ಬಲ್ಲ ಕಾಶವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದಳು, ಈಗ ರಣರಂಗವೇ ಆದೀತೆಂದು.

ದುಂಡವ್ವ ಆ ಮನುಷ್ಯನ ಮುಂದೆ ಎರಡೂ ಕೈ ಜೋಡಿಸಿ ನಿಂತಿದ್ದಳು.

"ಹೇಳಿದಿ, ಪುಣ್ಯಾ ಬರಲಿ ನನ್ನಪ್ಪಾ," ಎಂದಳು. "ಕುಂದ್ರು. ಉಣ್ಣದ ಏಳಬ್ಯಾಡ. ಸರಿ ಮಾಡಿ ತರತೀನಿ."