ಕ್ಲಚ್ಚಿಗೆ ಕಟ್ಟಿದ ಹಾರ್ನು

"ದೊಡ್ಡೋರಿಗೆ ಎದುರು ಮಾತಾಡ್ಬೇಡಿ, ಶೆಡ್ಡು ಕಳ್ಕೋತೀರ." ಮೆಕ್ಯಾನಿಕ್ ಬೋರಯ್ಯನಿಗೆ ಹೆಂಡತಿ ಹೇಳಿದ ಕೊನೆಯ ಮಾತು ಅದು.

ಶೆಡ್ಡಿನ ಮಾಲೀಕ ಉಗ್ರಪ್ಪನವರು ಜೋರು ಎಂಜಿನ್ ಹಾಕಿಸಿದ ಕಾರಿನ ಕ್ಲಚ್ಚನ್ನು ಮೂರನೇ ಸಲ ಸುಟ್ಟುಕೊಂಡು ಬಂದರು. ಗೇರು ಬದಲಿಸದಿದ್ದರೂ ಎಡಗಾಲನ್ನು ಕ್ಲಚ್ ಪೆಡಲ್ ಮೇಲೇ ಇಟ್ಟು ಅದನ್ನು ಸುಡುವ ಚಾಳಿ ಅವರದು.

"ತಪ್ಪು ನಿಂದೇ ಕಣಯ್ಯ! ಇನ್ನೊಂದು ಸಲ ಸುಟ್ರೆ ಶೆಡ್ಡು ಖಾಲಿ ಮಾಡು."

"ಆಗ್ಲಿ ಬುದ್ಧಿ" ಅಂದ ಬೋರಯ್ಯ. ಹೊಸ ಕ್ಲಚ್ಚು ಹಾಕಿ, ಪೆಡಲಿನಿಂದ ಹಾರ್ನಿಗೊಂದು ವೈರು ಎಳೆದ.

ಸಂಜೆ ಉಗ್ರಪ್ಪ ಊರೆಲ್ಲ ಹಾರ್ನು ಕೂಗಿಸಿಕೊಂಡು ಬಂದರು. "ಹಾರ್ನು ನಿಲ್ತಾನೇ ಇಲ್ಲ! ಜನ ಮದುವೆ ದಿಬ್ಬಣ ಅಂತ ದಾರಿ ಬಿಡ್ತಾರೆ!"

"ಎಡಗಾಲು ತೆಗೀರಿ ಬುದ್ಧಿ."

ತೆಗೆದರು, ನಿಂತಿತು. ಇಟ್ಟರು, ಕೂಗಿತು. ಉಗ್ರಪ್ಪ ಬಗ್ಗಿ ಪೆಡಲಿನ ವೈರು ನೋಡಿ, ತಮ್ಮ ಕಾಲನ್ನೇ ದಿಟ್ಟಿಸಿದರು. "ವೈರು ಇರ್ಲಿ ಬಿಡು" ಅಂದರು.

ಮರುದಿನ ಬೆಳಿಗ್ಗೆ ಬೋರಯ್ಯ ಎಂದಿನಂತೆ ಶೆಡ್ಡಿನ ಬೀಗ ತೆಗೆದು, ಹೆಂಡತಿಯ ಫೋಟೋಗೆ ಹೂ ಇಟ್ಟು ಹೇಳಿದ: "ನಾನು ಎದುರು ಮಾತಾಡ್ಲಿಲ್ಲ ಕಣೇ. ಹಾರ್ನು ಮಾತಾಡ್ತು."